ಹದಿನಾರು ಕಿಟಕಿಯ ಮನೆ ಕೇಳಿದ ಬೆಲೆ

ಪ್ರತಿ ಸೋಮವಾರ ಬೆಳಿಗ್ಗೆ ಮಾವನ ಮನೆ ದಲ್ಲಾಳಿ ಅಂಗಡಿಯ ಕರಿಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಊರಿನ ದೊಡ್ಡ ಮನೆಗಳು ಆ ವಾರ ಏನು ಬೆಲೆ ಕೇಳುತ್ತಿವೆ ಎಂದು ಬಡಾವಣೆವಾರು ಬರೆಯುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗಿದೆ, ಅದಕ್ಕೇ ಆ ಕೆಲಸ ನನಗೆ ಬಂತು ಎಂದು ಮಾವ ಎಲ್ಲರಿಗೂ ಹೇಳುತ್ತಾರೆ. ನಾನು ಒಪ್ಪಿಕೊಂಡ ಕಾರಣ ಬೇರೆ. ಹಲಗೆಗೆ ಮುಖ ಮಾಡಿ ನಿಂತವಳು ಗಿರಾಕಿಗಳಿಗೆ ಮುಖ ಕೊಡಬೇಕಾಗಿಲ್ಲ.

ಸಣ್ಣ ಮನೆಗಳು ಹಲಗೆಯ ಮೇಲೆ ಬರುವುದಿಲ್ಲ. ಅವು ಎಲ್ಲ ಊರುಗಳಲ್ಲಿರುವಂತೆ ದುಡ್ಡಿಗೆ ಹೋಗುತ್ತವೆ. ದೊಡ್ಡ ಮನೆಗಳು ದುಡ್ಡು ಮುಟ್ಟುವುದಿಲ್ಲ. ಗಾಳಿದಿಬ್ಬದ ಮನೆಗಳು ಕೊಳ್ಳುವವರ ವಿದ್ಯೆ ಕೇಳುತ್ತವೆ: ಈಜು, ತಬಲಾ, ಮಾವಿನಹಣ್ಣನ್ನು ಮೂಸಿಯೇ ಒಳಗೆ ಹುಳ ಇದೆಯೋ ಇಲ್ಲವೋ ಹೇಳುವ ಜಾಣತನ. ಕನ್ನಡಿಪೇಟೆಯವು ಶೋಕಿ ಮನೆಗಳು. ಕೆನ್ನೆಯ ಗುಳಿಯೋ ಮೀಸೆ ತಿರುವುವ ಗತ್ತೋ ಇಲ್ಲದವರನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ. ಕೆರೆದಂಡೆಯಲ್ಲಿ ಹೋದ ವರ್ಷ ಮಧ್ಯಾಹ್ನದ ನಿದ್ದೆಯೊಂದಕ್ಕೆ ಸಿಗುತ್ತಿದ್ದ ಮನೆ ಈಗ ನಿದ್ದೆಯ ಜೊತೆಗೆ ಹಸಿವನ್ನೂ ಕೇಳುತ್ತಿದೆ. ಹೊಸ ಬಡಾವಣೆಯಲ್ಲಿ ಮಾತ್ರ ಎಲ್ಲ ಅಗ್ಗ. ಅಲ್ಲಿನ ಮನೆಗಳಿಗೆ ತಮಗೇನು ಬೇಕೆಂದು ಇನ್ನೂ ಗೊತ್ತಾಗಿಲ್ಲ. ಉಗುರು ಕಚ್ಚುವ ಚಟಕ್ಕೂ ಜಿರಲೆಯ ಭಯಕ್ಕೂ ಬಾಗಿಲು ತೆಗೆದುಬಿಡುತ್ತವೆ.

ಕೊಟ್ಟದ್ದು ಮನೆಯಲ್ಲೇ ಉಳಿಯುತ್ತದೆ. ನಮ್ಮ ಗಿರಾಕಿಯಾದ ವಕೀಲರೊಬ್ಬರು, ಕೊಡಲು ಕೈಯಲ್ಲಿ ಏನಾದರೂ ಇರಲಿ ಎಂದು ನಶ್ಯದ ಚಟ ಹತ್ತಿಸಿಕೊಂಡಿದ್ದರು. ಮನೆ ನಶ್ಯ ಬೇಡವೆಂದು ಅವರ ಸಿಟ್ಟನ್ನು ಕೇಳಿತು. ಈಗ ವಕೀಲರು ಸೀನುತ್ತಾ ಸಮಾಧಾನವಾಗಿ ಕೂತಿರುತ್ತಾರೆ. ಅವರ ಅಡುಗೆಮನೆಯ ಬಾಗಿಲು ಮಾತ್ರ ಯಾರೂ ಮುಟ್ಟದೆ ಆಗಾಗ ಧಡಾರೆಂದು ಬಡಿದುಕೊಳ್ಳುತ್ತದೆ. ಗಾಳಿದಿಬ್ಬದ ಮನೆಗಾಗಿ ಕೊಳಲು ಕಲಿಯಲು ಹೋದ ಬಟ್ಟೆ ವ್ಯಾಪಾರಿ, ಕಲಿತ ಮೇಲೆ ಕೊಡಲು ಮನಸ್ಸಾಗದೆ, ಇವತ್ತಿಗೂ ಬಾಡಿಗೆ ಮನೆಯಲ್ಲಿ ಕೂತು ಊದುತ್ತಿದ್ದಾನೆ. ಮನೆ ಬಿಟ್ಟು ಹೋಗುವವರಿಗೆ ಅವರು ಕೊಟ್ಟದ್ದು ವಾಪಸು ಸಿಗುತ್ತದೆ. ಆಗ ಮನೆ ಬರಿದಾಗುತ್ತದೆ.

ಬೆಲೆ ಕೇಳಲು ಮನೆಯೊಳಗೆ ಹೋಗುವವಳೂ ನಾನೇ. ಬಿ.ಎ. ಮುಗಿಸಿ ಒಂದು ಸಂದರ್ಶನಕ್ಕೆ ಹೋಗಿ, ಹೆಸರು ಕೇಳಿದ್ದಕ್ಕೆ ಮೇಜಿನ ಮೇಲಿದ್ದ ಅವರ ನೀರನ್ನೇ ಕುಡಿದು ಎದ್ದು ಬಂದಿದ್ದೆ. ಆಗ ಪುಟ್ಟಲಿಂಗಪ್ಪ ಮಾವ, "ಬಾಯಿ ಬೇಡದ ಕೆಲಸ ನಮ್ಮಲ್ಲೇ ಒಂದಿದೆ, ಬಾ ಲೀಲಾ," ಎಂದು ಕರೆದರು. ಕೊಳ್ಳುವವರು ಬಾಗಿಲ ಹೊರಗೆ ನಿಲ್ಲಬೇಕು. ಕೇಳುವವಳು ಅವರ ಮೈಮೇಲಿನ ಒಂದು ವಸ್ತುವನ್ನು ಮಡಿಲಲ್ಲಿಟ್ಟುಕೊಂಡು ನಡುಮನೆಯಲ್ಲಿ ಕೂರಬೇಕು. ಸ್ವಲ್ಪ ಹೊತ್ತಿಗೆ, ಮರೆತ ಹೆಸರು ತಟಕ್ಕನೆ ನೆನಪಾಗುವ ಹಾಗೆ, ಬೆಲೆ ಗೊತ್ತಾಗುತ್ತದೆ. ವಾಚಾಳಿಗಳಿಗೆ ಇದು ಆಗುವುದಿಲ್ಲ. ಅವರ ತಲೆಯೊಳಗೆ ಅವರದೇ ಸದ್ದು. ಊರಿನ ಎಲ್ಲ ಬೆಲೆ ಕೇಳುವವರೂ ನನ್ನ ಥರದವರೇ. ದಾರಿಯಲ್ಲಿ ಎದುರಾದರೆ ಒಬ್ಬರನ್ನೊಬ್ಬರು ನೋಡದವರಂತೆ ದಾಟಿಕೊಂಡು ಹೋಗುತ್ತೇವೆ, ಅದರಲ್ಲೇ ನಮಗೆಲ್ಲ ಒಂದು ಸಮಾಧಾನ.

ನನ್ನ ಮಧ್ಯಾಹ್ನದ ಊಟ ಕಡ್ಲೆಕಾಯಿ ಓಣಿಯ ಚೆನ್ನಾಜಮ್ಮನವರ ಮೆಸ್ಸಿನಲ್ಲಿ. ಉದ್ದದ ಒಂದು ಹಜಾರ, ಎರಡು ಸಾಲು ಎಲೆ, ನಡುವೆ ಸೌಟು ಹಿಡಿದ ಚೆನ್ನಾಜಮ್ಮ. ಅವರು ಬಡಿಸುವುದಕ್ಕಿಂತ ಹೆಚ್ಚಾಗಿ ಮಾತಾಡುತ್ತಾರೆ. "ಸಂಕಪ್ಪ ಮೇಷ್ಟ್ರೇ, ತುಪ್ಪ ಸಾಕು ಅಂತ ಬಾಯಿ ಹೇಳ್ತಾ ಇದೆ, ಕಣ್ಣು ನೋಡಿದ್ರೆ ಗಿಂಡಿ ಹಿಂದೇನೇ ಬರ್ತಾ ಇದೆ. ಆ ಕಣ್ಣಿಗೆ ಬೇರೆ ಎಲೆ ಹಾಕ್ಲಾ? ಲೆಕ್ಕದ ಮೇಷ್ಟ್ರಂತೆ, ಎಷ್ಟು ಅನ್ನ ತಿಂದೆ ಅಂತ ಒಂದಿನಾನೂ ಲೆಕ್ಕ ಸಿಕ್ಕಿಲ್ಲ. ಆಯ್ತು ಬಿಡಿ." ಪ್ರತಿ ಮಾತಿನ ಕೊನೆಗೆ ಈ "ಆಯ್ತು ಬಿಡಿ" ಬರಲೇಬೇಕು. ಅದು ಬಂದರೆ ಆ ಸಂಗತಿ ಮುಗಿಯಿತು, ಸೌಟು ಮುಂದಿನ ಎಲೆಗೆ ಹೋಯಿತು ಎಂದರ್ಥ. ಸಂಕಪ್ಪ ಮೇಷ್ಟ್ರು ನಿವೃತ್ತರು, ಒಂಟಿ. ಬೈಸಿಕೊಳ್ಳದಿದ್ದರೆ ಅವರಿಗೆ ಅನ್ನ ಇಳಿಯುವುದಿಲ್ಲ.

ನನ್ನದು ಮೂಲೆಯ ಎಲೆ. ಚೆನ್ನಾಜಮ್ಮ ಮಾತಾಡುತ್ತಿದ್ದರೆ ನಾನು ಮಾತಾಡಬೇಕಾಗಿಲ್ಲ, ಯಾಕೆ ಸುಮ್ಮನಿದ್ದೀ ಎಂದು ಯಾರೂ ಕೇಳುವುದೂ ಇಲ್ಲ. ಮನೆಯಲ್ಲಿ ಕೋಣೆ ಬಾಗಿಲು ಹಾಕಿಕೊಂಡರೂ ಸಿಗದ ಏಕಾಂತ ನನಗೆ ಆ ಗದ್ದಲದ ಮಧ್ಯೆ ಸಿಗುತ್ತಿತ್ತು. ದಿನಚರಿಯಲ್ಲಿ ಬರೆಯುವ ಸಾಲುಗಳೆಲ್ಲ ಹುಟ್ಟುವುದು ಅಲ್ಲಿ, ಸಾರು ಮತ್ತು ಮಜ್ಜಿಗೆಯ ನಡುವೆ.

ಹೋಳಿಯ ಹೊತ್ತಿಗೆ ಕಡ್ಲೆಕಾಯಿ ಓಣಿಯನ್ನು ಅಗಲ ಮಾಡುತ್ತಾರೆ ಎಂದು ಗೊತ್ತಾಯಿತು. ಮೆಸ್ಸಿನ ಹಜಾರ ರಸ್ತೆಗೆ ಹೋಗುತ್ತದೆ, ಯುಗಾದಿಯೊಳಗೆ ಬಿಡಬೇಕು. ಚೆನ್ನಾಜಮ್ಮ ಸಿಕ್ಕ ಸಿಕ್ಕ ಸಣ್ಣ ಮನೆಗಳನ್ನೆಲ್ಲ ನೋಡಿ ಬಂದರು. ಎಲ್ಲಿಯೂ ಎರಡು ಸಾಲು ಎಲೆ ಹಾಕುವಷ್ಟು ಉದ್ದವಿರಲಿಲ್ಲ. ಒಂದು ಸೋಮವಾರ ಸೀದಾ ಮಾವನ ಅಂಗಡಿಗೆ ಬಂದು, ನಾನು ಬರೆಯುತ್ತಿದ್ದ ಹಲಗೆಯನ್ನು ಸೊಂಟದ ಮೇಲೆ ಕೈಯಿಟ್ಟುಕೊಂಡು ಓದಿದರು.

"ಅರಮನೆ ಬೀದೀಲಿ ಹದಿನಾರು ಕಿಟಕಿ ಮನೆ ಅಂತ ಬರೆದೀಯಲ್ಲ ಲೀಲಾ, ಅದರ ನಡುಮನೆ ಎಷ್ಟು ಉದ್ದ ಇದೆ?"

ಮಾವ ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟರು. "ಅಮ್ಮಾ, ಅದು ಅರಮನೆ ಬೀದಿ."

"ಅರಮನೆ ಬೀದಿಯೋರಿಗೆ ಹೊಟ್ಟೆ ಇಲ್ವಾ?"

"ಹಂಗಲ್ಲ. ಅಲ್ಲಿ ಮೆಸ್ಸು ಅಂದ್ರೆ..."

"ಅಂದ್ರೆ ಹುಳಿ ವಾಸನೆ ಬರ್ತದೆ. ಬರ್ಲಿ, ಅವರಿಗೂ ಹಸಿವಾಗ್ಲಿ. ಬೆಲೆ ಕೇಳ್ಸಿ ಪುಟ್ಟಲಿಂಗಪ್ಪನೋರೇ, ಇಷ್ಟು ವರ್ಷ ನನ್ನ ಅನ್ನ ತಿಂದಿದೀರಿ. ಆಯ್ತು ಬಿಡಿ."

ಹದಿನಾರು ಕಿಟಕಿಯ ಮನೆ ಬಹಳ ಕಾಲದಿಂದ ಖಾಲಿ ಬಿದ್ದಿತ್ತು. ಕೊನೆಗೆ ಇದ್ದ ಮನೆಯವರು ತಾವು ಕೊಟ್ಟಿದ್ದ ಹಾಡುಗಳನ್ನೆಲ್ಲ ವಾಪಸು ಪಡೆದು ಬೇರೆ ಊರಿಗೆ ಹೋಗಿದ್ದರು. ಆಮೇಲೆ ಬಂದ ಗಿರಾಕಿಗಳಿಗೆ ಅದು ಕೇಳಿದ ಬೆಲೆಗಳನ್ನು ನಾನೇ ಹಲಗೆಯ ಮೇಲೆ ಬರೆದಿದ್ದೆ. ಒಬ್ಬರ ಸೀಟಿ. ಇನ್ನೊಬ್ಬರ ನಗು. ಮದುವೆ ಮಂಟಪದ ಒಡತಿಯೊಬ್ಬರ ಜೋಗುಳ. ಎಲ್ಲರೂ ದುಬಾರಿಯೆಂದು ಹಿಂದೆ ಸರಿದಿದ್ದರು.

ಚೆನ್ನಾಜಮ್ಮನವರು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೈವಸ್ತ್ರವನ್ನು ಮಡಿಲಲ್ಲಿಟ್ಟುಕೊಂಡು ನಾನು ಆ ನಡುಮನೆಯಲ್ಲಿ ಕೂತೆ. ಎಲೆ ಹಾಕಲು ಹೇಳಿ ಮಾಡಿಸಿದಂಥ ಜಾಗ. ಕೈವಸ್ತ್ರದಿಂದ ಇಂಗಿನ ವಾಸನೆ ಬರುತ್ತಿತ್ತು. ಹೆಚ್ಚು ಹೊತ್ತು ಬೇಕಾಗಲಿಲ್ಲ. ಮನೆ ಕಾದು ಕೂತಿದ್ದಂತಿತ್ತು. ಬೆಲೆ ಗೊತ್ತಾದಾಗ ನನಗೆ ಎದ್ದು ಹೊರಗೆ ಹೋಗುವ ಮನಸ್ಸೇ ಆಗಲಿಲ್ಲ.

"ಏನಂತೆ?" ಎಂದರು ಚೆನ್ನಾಜಮ್ಮ.

"ನಿಮ್ಮ ಮಾತು."

"ಯಾವ ಮಾತು?"

"ಎಲ್ಲ."

ಅವರು ಸ್ವಲ್ಪ ಹೊತ್ತು ಕಿಟಕಿಗಳನ್ನು ನೋಡಿದರು. ಆಮೇಲೆ ಕೈವಸ್ತ್ರ ಇಸಕೊಂಡು ಸೊಂಟಕ್ಕೆ ಸಿಕ್ಕಿಸಿ, "ಅಷ್ಟೇನಾ? ನನ್ನ ಮಾತೇನು ಬಂಗಾರವಾ? ಕೊಟ್ಬಿಡಾಣ. ಅನ್ನ ಕೈಯಲ್ಲಿ ಬಡಿಸೋದು, ಬಾಯಲ್ಲಲ್ವಲ್ಲ," ಎಂದರು. ಯುಗಾದಿಗೆ ಇನ್ನೂ ದಿನ ಇದ್ದುದರಿಂದ, ಮೊದಲು ಅಭ್ಯಾಸ ಮಾಡಿಕೊಳ್ಳುತ್ತೇನೆ ಎಂದೂ ಹೇಳಿದರು.

ಮರುದಿನ ಮಧ್ಯಾಹ್ನ ಅವರು ತುಟಿ ಬಿಗಿದುಕೊಂಡು ಬಡಿಸಿದರು. ಹಜಾರದಲ್ಲಿ ಎಲೆಯ ಮೇಲೆ ಬೆರಳು ಆಡುವ ಸದ್ದೊಂದೇ. ಎಲ್ಲರ ಅಗಿಯುವಿಕೆ ಎಲ್ಲರಿಗೂ ಕೇಳುತ್ತಿತ್ತು. ಸಂಕಪ್ಪ ಮೇಷ್ಟ್ರು ತುಪ್ಪ ಸಾಕೆಂದರು, ಸೌಟು ನಿಜವಾಗಿಯೂ ಮುಂದೆ ಹೋಯಿತು. ಅವರು ಎರಡನೇ ಸಲ ಅನ್ನ ಹಾಕಿಸಿಕೊಳ್ಳದೆ ಎಲೆ ಮಡಿಸಿದರು. ನನ್ನ ಪಕ್ಕದಲ್ಲಿದ್ದವರು ಮೌನ ತಡೆಯಲಾರದೆ ನನ್ನ ಕಡೆ ತಿರುಗಿ, "ಏನಮ್ಮ, ಯಾವ ಕಾಲೇಜು ನಿಂದು, ಯಾಕಿಷ್ಟು ಸಪ್ಪಗಿದೀಯಾ?" ಎಂದು ಕೇಳಿದರು. ನಾನು ಮಜ್ಜಿಗೆ ಅನ್ನ ಬಿಟ್ಟು ಎದ್ದುಬಂದೆ. ಆ ದಿನದ ದಿನಚರಿಯಲ್ಲಿ ಒಂದೇ ಸಾಲಿದೆ: ಇವತ್ತು ಏನೂ ಹೊಳೆಯಲಿಲ್ಲ.

ಅವರು ಮಾತು ಕೊಟ್ಟರೆ ಮೆಸ್ಸಿಗೆ ಮನೆ ಸಿಗುತ್ತದೆ, ಮೆಸ್ಸು ಮಾತ್ರ ಉಳಿಯುವುದಿಲ್ಲ. ಇದು ಅಲ್ಲಿ ಉಂಡವರಿಗೆಲ್ಲ ಗೊತ್ತಿತ್ತು. ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ಎರಡು ದಿನ ಬಿಟ್ಟು ಸಂತೆಯಲ್ಲಿ ಅವರನ್ನು ಕಂಡೆ. ಹೀರೇಕಾಯಿ ಗುಡ್ಡೆಯ ಮುಂದೆ ತುಟಿ ಬಿಗಿದುಕೊಂಡೇ ನಿಂತಿದ್ದರು. ಮಾರುವವನು ಬೆಲೆ ಹೇಳಿದ. ಅಭ್ಯಾಸವೆಲ್ಲ ಅಲ್ಲಿಗೆ ಕೆಟ್ಟಿತು. ಮೊದಲು ನಕ್ಕರು. ಒಂದು ಹೀರೇಕಾಯಿ ಎತ್ತಿ, ಇದಕ್ಕೆ ಬೆನ್ನುನೋವಿದೆಯಾ, ಯಾಕೆ ಹೀಗೆ ಬಗ್ಗಿದೆ ಎಂದು ಕೇಳಿದರು. ಎರಡು ಹೆಜ್ಜೆ ಮುಂದೆ ಹೋದರು. "ಬನ್ನಿ ಅಮ್ಮ, ನೀವೇ ಹೇಳಿ," ಎಂದು ಅವನು ಕೂಗಿದ. ಹಿಂದಕ್ಕೆ ಬಂದು, ಅವನು ಹೇಳಿದ್ದರ ಅರ್ಧಕ್ಕೆ ಬುಟ್ಟಿ ತುಂಬಿಸಿಕೊಂಡರು. "ಆಯ್ತು ಬಿಡಪ್ಪ," ಎಂದರು.

ಹತ್ತಿರ ಹೋಗಿ ಬುಟ್ಟಿಯ ಒಂದು ಕಿವಿ ಹಿಡಿದುಕೊಂಡೆ. ಹೇಳಲು ಓಣಿಯ ಕೊನೆಯವರೆಗೂ ನಡೆಯಬೇಕಾಯಿತು. "ಅಮ್ಮಾ, ಅದು ಕೇಳಿದ ಬೆಲೆ ಅಷ್ಟೇ ಅಲ್ವಾ?"

"ಯಾವುದು, ಹೀರೇಕಾಯಿಯಾ?"

"ಮನೆ."

ಚೆನ್ನಾಜಮ್ಮ ಬುಟ್ಟಿಯನ್ನು ನೆಲಕ್ಕಿಟ್ಟುಬಿಟ್ಟರು.

ಮಾವ ಮಾತ್ರ ಕಿವಿ ಮುಚ್ಚಿಕೊಂಡರು. "ಮನೆ ಹತ್ರ ಚೌಕಾಸಿನಾ? ನಮ್ಮ ತಾತನ ಕಾಲದಿಂದ ಯಾರೂ ಮಾಡಿಲ್ಲ ಕಣಮ್ಮ. ಒಪ್ಪಬೇಕು, ಇಲ್ಲ ಬಿಡಬೇಕು. ಹೊರಗೆ ಗೊತ್ತಾದ್ರೆ ನನ್ನ ಅಂಗಡಿ ಮಾನ ಏನಾಗಬೇಕು?" ಯಾಕೆ ಯಾರೂ ಮಾಡಿಲ್ಲ ಎಂದು ನಾನು ಆ ರಾತ್ರಿ ಬರೆದು ಬರೆದು ಯೋಚಿಸಿದೆ. ದೊಡ್ಡ ಮನೆ ಕೊಳ್ಳುವವರು ಚೌಕಾಸಿ ಮಾಡುವವರಲ್ಲ. ಚೌಕಾಸಿ ಮಾಡುವವರು ದೊಡ್ಡ ಮನೆ ಕೊಳ್ಳಲು ಈವರೆಗೆ ಬಂದಿರಲಿಲ್ಲ. ಅಷ್ಟೇ.

ತೊಂದರೆ ಒಂದಿತ್ತು. ಮನೆಯ ಮಾತು ಕೇಳುವುದು ಒಳಗೆ ಕೂತವಳಿಗೆ ಮಾತ್ರ. ಹಾಗಾಗಿ ಚೌಕಾಸಿ ನಾನು ಮಾಡಬೇಕು. ನಾನು ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡಲು ಮರೆತರೆ ನೆನಪಿಸದೆ ಇಳಿದುಬಿಡುವವಳು.

ಮುಂದಿನ ಗುರುವಾರ ನಡುಮನೆಯಲ್ಲಿ ಕೂತಾಗ ನನ್ನ ಅಂಗೈ ಕೈವಸ್ತ್ರಕ್ಕಿಂತ ಒದ್ದೆಯಾಗಿತ್ತು. ಮುಂಬಾಗಿಲ ಪಕ್ಕದ ಕಿಟಕಿಯ ಆಚೆ ಚೆನ್ನಾಜಮ್ಮ. ಅವರ ಹಿಂದೆ ಸಂಕಪ್ಪ ಮೇಷ್ಟ್ರು. ಊಟ ತಡವಾಗುತ್ತದೆಂದು ತಿಳಿದು ತಾವೇ ಬಂದಿದ್ದರು. ಗೇಟಿನ ಬಳಿ ಮಾವ ಕೊಡೆ ಬಿಚ್ಚಿಕೊಂಡು, ನಮ್ಮ ಪರಿಚಯವೇ ಇಲ್ಲದವರಂತೆ ಬೀದಿ ನೋಡುತ್ತಿದ್ದರು.

ಬೆಲೆ ಮತ್ತೆ ಅದೇ ಬಂತು. ಎಲ್ಲ ಮಾತು.

"ಮೊದಲು ನಗು," ಎಂದರು ಚೆನ್ನಾಜಮ್ಮ. "ಇದೆಂಥ ಬೆಲೆ ಅನ್ನೋ ಹಾಗೆ ನಗು."

ನಕ್ಕೆ.

"ಅದೇನು, ಬಿಕ್ಕಳಿಕೆ ಬಂತಾ ಮಗೂಗೆ?" ಎಂದರು ಮೇಷ್ಟ್ರು.

"ನೀವು ಸುಮ್ನಿರಿ. ಈಗ ತಾನೇ ಕಲೀತಾ ಇದೆ. ಆಯ್ತು ಬಿಡು ಲೀಲಾ, ನಗು ಬೇಡ. ಹುಳುಕು ಹೇಳು."

ನಾನು ಸುತ್ತ ನೋಡಿದೆ. "ತಮ್ಮ... ತಮ್ಮ ಅಟ್ಟದ ಮೆಟ್ಟಿಲು ಸ್ವಲ್ಪ ಸವೆದಿದೆ," ಎಂದೆ.

"ತಮ್ಮ ಅಂತೀಯಲ್ಲೇ, ಬೀಗರ ಮನೆಗೆ ಬಂದಿದೀಯಾ? ಗಟ್ಟಿಯಾಗಿ ಹೇಳು."

"ಬಾವಿಗೆ ರಾಟೆ ಇಲ್ಲ. ಕಿಟಕೀಲಿ ಅರ್ಧ ಮುಚ್ಚೋಕೇ ಬರಲ್ಲ. ಗೋಡೆ ಮೇಲೆ ಗೆದ್ದಲು ಹತ್ತಿದೆ." ಇಷ್ಟು ಹೇಳುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು. ಯಾರ ಮನೆಯಲ್ಲೂ ನಾನು ಸಾರಿಗೆ ಉಪ್ಪು ಕಡಿಮೆ ಎಂದವಳಲ್ಲ.

ಆಮೇಲೆ, ಮೆಲ್ಲಗೆ, ಬೇರೆ ಬೆಲೆ ನೆನಪಾಯಿತು.

"ಬೆಳಗಿನ ಮಾತು ಮಾತ್ರ ಸಾಕಂತೆ," ಎಂದೆ. ನನ್ನ ಮಾತನ್ನು ನನಗೇ ನಂಬಲಾಗಲಿಲ್ಲ.

ಗೇಟಿನ ಬಳಿ ಕೊಡೆ ಕೆಳಗೆ ಬಿತ್ತು. ಮನೆಯೊಂದು ಬೆಲೆಯಲ್ಲಿ ಇಳಿದದ್ದನ್ನು ಮಾವ ತಮ್ಮ ಜನ್ಮದಲ್ಲಿ ನೋಡಿರಲಿಲ್ಲ. ಚೆನ್ನಾಜಮ್ಮನವರಿಗೆ ಮಾತ್ರ ಆಶ್ಚರ್ಯವೇನೂ ಆದಂತಿರಲಿಲ್ಲ. "ಬೆಳಗಿಂದು ಕೊಟ್ರೆ ತರಕಾರಿ ಹೇಗೆ ತರ್ಲಿ? ಬೇಡ ಅನ್ನು. ಎದ್ದು ಹೊರಡು. ಮೆಲ್ಲಗೆ. ಚಪ್ಪಲಿ ಸದ್ದು ಅದಕ್ಕೆ ಕೇಳಿಸಬೇಕು."

ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದೆ. ಬರಿಗಾಲಲ್ಲೇ ಆದಷ್ಟು ಸದ್ದು ಮಾಡುತ್ತ ಬಾಗಿಲ ಕಡೆ ನಡೆದೆ. ಹೊಸ್ತಿಲ ಬಳಿ ನನ್ನ ಕಾಲು ತಾನಾಗಿ ನಿಂತಿತು. ಹಿಂದೆ ಆ ದೊಡ್ಡ ನಡುಮನೆ ನಾನು ಎದ್ದುಬಂದ ಜಾಗವನ್ನೇ ನೋಡುತ್ತಿರುವಂತೆ ಅನ್ನಿಸಿತು. ನಾನು ಬರೆದ ಬೆಲೆಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಸೀಟಿ, ನಗು, ಜೋಗುಳ, ಈಗ ಮಾತು. ದುಬಾರಿ ಮನೆ ಎಂದು ಎಲ್ಲರೂ ಹೇಳುತ್ತಿದ್ದರು. ದುಬಾರಿಯಲ್ಲ, ಪಾಪ. ಇದಕ್ಕೆ ಬೇಜಾರು.

ತಿರುಗಿ ನಿಂತು, ಯಾರೂ ಹೇಳಿಕೊಡದ ಮಾತನ್ನು ಆಡಿದೆ. "ನೋಡಿ, ಅವರ ಮಾತು ತಗೊಂಡು ಇಟ್ಕೊಂಡ್ರೆ ನಿಮ್ಮ ಹತ್ರ ಇರೋದು ಅಷ್ಟೇ ಮಾತು. ನಾಕು ದಿನ ಚೆನ್ನಾಗಿರತ್ತೆ. ಆಮೇಲೆ ಅದನ್ನೇ ತಿರುಗಾ ಮುರುಗಾ ಕೇಳ್ತಾ ಕೂರಬೇಕು. ಅವರ ಹತ್ರಾನೇ ಬಿಟ್ರೆ ದಿನಾ ಹೊಸದು ಬರತ್ತೆ. ಇವತ್ತು ಮೇಷ್ಟ್ರಿಗೆ ಬೈದಿದ್ದನ್ನ ಅವರು ನಾಳೆ ಬೈಯಲ್ಲ, ನಾಳೆಗೆ ಬೇರೆ ಇರತ್ತೆ. ನಾನು ಇಷ್ಟು ದಿನದಿಂದ ಮೂಲೇಲಿ ಕೂತು ಕೇಳ್ತಾ ಇದೀನಿ, ಒಂದು ದಿನಾನೂ ಸಾಕು ಅನ್ನಿಸಿಲ್ಲ. ನನಗೂ ಮಾತಾಡೋಕೆ ಬರಲ್ಲ, ಅದಕ್ಕೇ ಹೇಳ್ತಾ ಇದೀನಿ. ನಿಮಗೂ ಒಂದು ಮೂಲೆ ಸಿಗತ್ತೆ. ನಿಮಗೆ ಬೇಕಾದಷ್ಟು ಮೂಲೆ ಇದೆ."

ನಾನು ಅಷ್ಟು ಉದ್ದ ಮಾತಾಡಿದ್ದನ್ನು ಮಾವ ಅದೇ ಮೊದಲು ಕೇಳಿದ್ದು. ಮನೆ ಇಳಿದದ್ದಕ್ಕಿಂತ ಅದೇ ದೊಡ್ಡ ಸುದ್ದಿಯಾಗಿ ಮನೆಮಂದಿಗೆಲ್ಲ ಆಮೇಲೆ ತಲುಪಿತು.

ಮನೆ ಯೋಚಿಸಿತು. ಕೊನೆಗೆ ಬೆಲೆ ಬಂತು. ನನಗೆ ನಗು ಬಂತು, ಈ ಸಲ ನಿಜವಾದ ನಗು.

"ಎರಡೇ ಎರಡು ಪದ ಕೊಡಬೇಕಂತೆ ಅಮ್ಮ. ನೀವು ಮಾತು ಮುಗಿಸೋವಾಗ ಹೇಳ್ತೀರಲ್ಲ, 'ಆಯ್ತು ಬಿಡಿ' ಅಂತ, ಅದು."

"ಅಷ್ಟೇನಾ? ಎರಡು ಪದಕ್ಕೆ ಹದಿನಾರು ಕಿಟಕಿ!"

"ತಾಯೀ, ಒಂದ್ಸಲ ಯೋಚನೆ ಮಾಡಿ," ಎಂದು ಮಾವ ಗೇಟಿನಿಂದ ಓಡಿಬಂದರು. ಅಷ್ಟರಲ್ಲಿ ಚೆನ್ನಾಜಮ್ಮ ಬಾಗಿಲ ಚೌಕಟ್ಟಿನ ಮೇಲೆ ಅಂಗೈಯಿಟ್ಟು "ಕೊಟ್ಟೆ" ಎಂದಾಗಿತ್ತು.

"ಯೋಚನೆ ಏನು ಬಂತು ಪುಟ್ಟಲಿಂಗಪ್ಪನೋರೇ," ಎನ್ನುತ್ತ ಅವರು ಒಳಗೆ ಕಾಲಿಟ್ಟರು. "ಬಾಣಲೆ ಆ ಕಡೆ ಇಡೋಣ, ಒಲೆ ಈ ಕಡೆ. ಗೆದ್ದಲಿಗೆ ಸೀಮೆಎಣ್ಣೆ ಹಾಕ್ಸಿ. ಮೇಷ್ಟ್ರೇ, ನಿಮ್ಮ ಎಲೆ ಬಾಗಿಲ ಹತ್ರ, ತುಪ್ಪ ಖಾಲಿ ಆದ್ರೆ ಓಡಿಹೋಗಿ ತರೋಕೆ ಅನುಕೂಲ..." ಅಲ್ಲಿ ನಿಲ್ಲಿಸಲು ಅವರು ಬಾಯಿ ತೆರೆದರು. ಆ ಎರಡು ಪದ ಬರಲಿಲ್ಲ. ಕಣ್ಣು ಪಿಳುಕಿಸಿದರು. ಏನಾದರೂ ಹೇಳಲೇಬೇಕಾಗಿದ್ದರಿಂದ ತುಪ್ಪದ ಅಂಗಡಿಯವನ ವಿಷಯ ತೆಗೆದರು. ಅವನಿಂದ ಅವನ ತಂಗಿಯ ಮದುವೆಗೆ, ಅಲ್ಲಿಂದ ಆ ಮದುವೆಯಲ್ಲಿ ಹೊತ್ತಿಹೋದ ಪಾಯಸಕ್ಕೆ ಹೋದರು. ನಾವು ನಿಂತಿದ್ದೆವು. ಬಿಸಿಲು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಯಿತು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನನ್ನನ್ನು ನೋಡಿದರು, ಇದೇನು ವ್ಯಾಪಾರ ಮಾಡಿದೆಯಮ್ಮ ಎನ್ನುವ ಹಾಗೆ.

ಆಗ ಬಾಗಿಲ ಮೇಲಿನಿಂದ, ಚೆನ್ನಾಜಮ್ಮನವರದೇ ದನಿಯಲ್ಲಿ, ಹೊಟ್ಟೆ ತುಂಬಿದವರ ಸಮಾಧಾನದಿಂದ ಮನೆ ಹೇಳಿತು: "ಆಯ್ತು ಬಿಡಿ." ಚೆನ್ನಾಜಮ್ಮ ತಟ್ಟನೆ ನಿಲ್ಲಿಸಿದರು. ಮೇಷ್ಟ್ರು ಕೈಮುಗಿದರು.

ಯುಗಾದಿಯ ಒಬ್ಬಟ್ಟನ್ನು ನಾವೆಲ್ಲ ಆ ನಡುಮನೆಯಲ್ಲೇ ತಿಂದೆವು. ಅರಮನೆ ಬೀದಿಯವರು ಮೊದಮೊದಲು ಹುಳಿ ವಾಸನೆಗೆ ಮೂಗು ಮುರಿದರು. ಈಗ ಅವರಲ್ಲೇ ಕೆಲವರು ಹಿತ್ತಿಲ ಬಾಗಿಲಿಂದ ಡಬ್ಬಿ ಕಳಿಸುತ್ತಾರೆ. ಊಟ ಯಾವಾಗ ಮುಗಿಯುತ್ತದೆಂದು ಯಾರೂ ಹೇಳುವಂತಿಲ್ಲ. ಅದು ಮನೆಗೆ ಬಿಟ್ಟದ್ದು. ಒಮ್ಮೊಮ್ಮೆ ಮಜ್ಜಿಗೆ ಬರುವ ಮೊದಲೇ "ಆಯ್ತು ಬಿಡಿ" ಎನ್ನುತ್ತದೆ, ಒಮ್ಮೊಮ್ಮೆ ಎಲೆ ಒಣಗಿದರೂ ಅನ್ನುವುದಿಲ್ಲ. ಆಫೀಸಿಗೆ ತಡವಾದವರು ಮೇಲೆ ನೋಡಿ, "ಸ್ವಲ್ಪ ನೋಡು ತಾಯಿ, ಸಾಹೇಬರು ಕಾಯ್ತಿರ್ತಾರೆ," ಎಂದು ಬೇಡಿಕೊಳ್ಳುತ್ತಾರೆ. ಮೇಷ್ಟ್ರ ಮೈ ತುಂಬಿಕೊಂಡಿದೆ.

ಮಾವನ ಹಲಗೆಯ ನಡುವೆ ಈಗ ಒಂದು ಗೆರೆ ಎಳೆದಿದ್ದೇನೆ. ಎಡಗಡೆ ಮನೆ ಕೇಳಿದ್ದು, ಬಲಗಡೆ ಕುದುರಿದ್ದು. ಕೆರೆದಂಡೆಯ ಮನೆಗಳು ಪೂರ್ತಿ ನಿದ್ದೆಯಿಂದ ಆಕಳಿಕೆಗೆ ಇಳಿದಿವೆ. ಕನ್ನಡಿಪೇಟೆಯ ಮನೆಯೊಂದು ಎರಡು ಕೆನ್ನೆಯ ಗುಳಿ ಕೇಳಿ ಒಂದಕ್ಕೆ ಒಪ್ಪಿತು. ಬೇರೆ ದಲ್ಲಾಳಿಗಳೂ ನನ್ನನ್ನು ಕರೆಯುತ್ತಾರೆ. ಮನೆಗಳ ಜೊತೆ ಚೌಕಾಸಿ ಮಾಡುವುದು ನನಗೆ ಕಷ್ಟವಾಗುವುದಿಲ್ಲ. ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಲು ಮಾತ್ರ ಇನ್ನೂ ಆಗಿಲ್ಲ.

ಮೊನ್ನೆ ಎಲ್ಲರೂ ಹೋದ ಮೇಲೆ ನಾನು ಮೂಲೆಯಲ್ಲಿ ಉಳಿದಿದ್ದೆ. ಚೆನ್ನಾಜಮ್ಮ ಎಲೆ ತೆಗೆದು, ನೆಲ ಒರೆಸಿ, ನನ್ನೆದುರು ಕಾಲು ಚಾಚಿ ಕೂತರು. ಅವತ್ತು ಅವರಿಗೆ ಗಂಟಲು ಕಟ್ಟಿತ್ತು. "ನೀನೇ ಏನಾದ್ರೂ ಹೇಳು ಲೀಲಾ," ಎಂದು ಪಿಸುಗುಟ್ಟಿದರು. ಏನು ಹೇಳುವುದು ಎಂದೆ. ಏನಾದರೂ, ಎಂದರು. ನಾನು ಸಂದರ್ಶನದಲ್ಲಿ ನೀರು ಕುಡಿದ ಕತೆ ಹೇಳಿದೆ. ಅವರು ನಕ್ಕರು. ಆಮೇಲೆ ಚಿಕ್ಕಂದಿನಲ್ಲಿ ನೆಂಟರು ಬಂದರೆ ಕಣಜದ ಹಿಂದೆ ಅಡಗುತ್ತಿದ್ದದ್ದನ್ನು, ಅಲ್ಲಿಂದ ಕೇಳಿದ್ದನ್ನೆಲ್ಲ ಬರೆದಿಡಲು ಶುರುಮಾಡಿದ್ದನ್ನು ಹೇಳಿದೆ. ಹೊರಗೆ ಸಂಜೆಯಾಗುತ್ತಿತ್ತು. ಬಹಳ ಮಾತಾಡಿಬಿಟ್ಟೆ ಅನ್ನಿಸಿ ನಾಚಿಕೆಯಾಯಿತು. ಈಗ ಅನ್ನುತ್ತದೆ, ಈಗ ಅನ್ನುತ್ತದೆ ಎಂದು ಬಾಗಿಲ ಮೇಲೆ ನೋಡಿದೆ.

ಮನೆ ಸುಮ್ಮನಿತ್ತು. ಚೆನ್ನಾಜಮ್ಮನೂ ಸುಮ್ಮನಿದ್ದರು. ನಾನು ಮುಂದುವರಿಸಿದೆ.